ಡಿಎನ್‌ಎ ಹೇಳುವ ವಯಸ್ಸನ್ನು ನಂಬಬಹುದೇ?

ಎರಡು ಜೀವಿಗಳ ಡಿಎನ್‌ಎಯನ್ನು ಪಕ್ಕಪಕ್ಕ ಇಟ್ಟು, ಬೇರೆಯಾಗಿರುವ ಅಕ್ಷರಗಳನ್ನು ಎಣಿಸಿ, ಅವುಗಳ ವಂಶ ಯಾವಾಗ ಕವಲೊಡೆಯಿತು ಎಂದು ಹೇಳುವ ಪದ್ಧತಿಗೆ ಅಣು ಗಡಿಯಾರ ಎಂದು ಹೆಸರು. 1960ರ ದಶಕದ ಮೊದಲಲ್ಲಿ ಎಮಿಲ್ ಜುಕರ್‌ಕಾಂಡಲ್ ಮತ್ತು ಲೈನಸ್ ಪೌಲಿಂಗ್ ಹಿಮೋಗ್ಲೋಬಿನ್ ಪ್ರೋಟೀನನ್ನು ಹೋಲಿಸುತ್ತ ಇದಕ್ಕೆ ನಾಂದಿ ಹಾಡಿದರು. ಪಳೆಯುಳಿಕೆ ಒಂದು ಕಾಲ ಹೇಳಿ, ಗಡಿಯಾರ ಇನ್ನೊಂದು ಹೇಳಿದರೆ ಯಾವುದನ್ನು ಒಪ್ಪಬೇಕು?

ಪರ

ಈ ಜಗಳ ಒಮ್ಮೆ ನಮ್ಮ ಶಿವಾಲಿಕ್ ಬೆಟ್ಟಗಳ ಮೂಳೆಯ ಮೇಲೆಯೇ ನಡೆದು ತೀರ್ಮಾನವಾಗಿದೆ. ಈಗಿನ ಹಿಮಾಚಲ ಪ್ರದೇಶದ ಹರಿತಲ್ಯಾಂಗರ್ ಬಳಿ 1932ರಲ್ಲಿ ಸಿಕ್ಕ ದವಡೆಯ ತುಣುಕಿಗೆ ರಾಮಾಪಿಥೆಕಸ್ ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಅದು ಮನುಷ್ಯ ಕವಲಿನ ಮೊದಲಿಗ ಎಂದು ಹಲವು ತಜ್ಞರು ಸಾರಿದರು. ಹಾಗಿದ್ದರೆ ನಾವು ಚಿಂಪಾಂಜಿಯಿಂದ ಬೇರೆಯಾಗಿ ಕಡೇಪಕ್ಷ 1.4 ಕೋಟಿ ವರ್ಷ ಕಳೆದಿರಬೇಕು.

1967ರಲ್ಲಿ ಬರ್ಕ್ಲಿಯ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಮೂಳೆಯ ಗೊಡವೆಗೇ ಹೋಗಲಿಲ್ಲ. ಮನುಷ್ಯನ ರಕ್ತದ ಅಲ್ಬುಮಿನ್‌ಗೆ ಮೊಲದ ದೇಹ ತಯಾರಿಸಿದ ಪ್ರತಿಕಾಯಗಳು ಚಿಂಪಾಂಜಿಯ ಅಲ್ಬುಮಿನ್ ಅನ್ನು ಎಷ್ಟು ಬಲವಾಗಿ ಹಿಡಿಯುತ್ತವೆ ಎಂದು ಅಳೆದರು. ಬಂದ ಲೆಕ್ಕ ಸುಮಾರು 50 ಲಕ್ಷ ವರ್ಷ. ಪಳೆಯುಳಿಕೆ ತಜ್ಞರಲ್ಲಿ ಹೆಚ್ಚಿನವರು ಇದನ್ನು ತಳ್ಳಿಹಾಕಿದರು. 1982ರಲ್ಲಿ ಡೇವಿಡ್ ಪಿಲ್‌ಬೀಮ್ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯ ಶಿವಾಪಿಥೆಕಸ್ ಎಂಬ ವಾನರದ ಮುಖದ ಮೂಳೆಗಳನ್ನು ಪ್ರಕಟಿಸಿದಾಗ ಅದು ಒರಾಂಗುಟಾನ್ ಕಡೆಯದು ಎಂದು ಸ್ಪಷ್ಟವಾಯಿತು. ರಾಮಾಪಿಥೆಕಸ್ ಅದರಲ್ಲೇ ಸೇರಿಹೋಯಿತು. ಪಿಲ್‌ಬೀಮ್ ಮೊದಲು ರಾಮಾಪಿಥೆಕಸ್ ಪರ ನಿಂತಿದ್ದವರು. ಸಾಕ್ಷ್ಯ ಕಂಡು ನಿಲುವು ಬದಲಿಸಿದ್ದು ಅವರ ದೊಡ್ಡತನ.

ಒಂದೇ ಜಾಗದ ಅಕ್ಷರ ಎರಡು ಸಲ ಬದಲಾದರೆ ಎಣಿಕೆ ತಪ್ಪುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಪ್ಪುತ್ತದೆ, ಅದಕ್ಕೆ ತಿದ್ದುಪಡಿಯೂ ಇದೆ. ಜೂಕ್ಸ್ ಮತ್ತು ಕ್ಯಾಂಟರ್ 1969ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ನೂರು ಅಕ್ಷರಗಳಲ್ಲಿ 30 ಬೇರೆ ಕಂಡರೆ ನಿಜವಾಗಿ ನಡೆದಿರುವ ಬದಲಾವಣೆ ಸುಮಾರು 38.

ಎಚ್‌ಐವಿಯ ಕಥೆ ಇನ್ನೂ ಗಟ್ಟಿ. 1950ರ ದಶಕದ ಕೊನೆಯಲ್ಲಿ ಬೆಲ್ಜಿಯನ್ ಕಾಂಗೋದಲ್ಲಿ ಪ್ರಯೋಗಿಸಿದ ಪೋಲಿಯೊ ಲಸಿಕೆಯೇ ಏಡ್ಸ್ ತಂದಿತು ಎಂಬ ವಾದವಿತ್ತು. 2000ದಲ್ಲಿ ಬೆಟ್ಟೆ ಕೋರ್ಬರ್ ತಂಡ ವೈರಸ್ಸಿನ ಮೂಲವನ್ನು 1931ರ ಆಸುಪಾಸಿಗೆ ಲೆಕ್ಕಹಾಕಿತು. 1959ರಲ್ಲಿ ಕಿನ್ಶಾಸಾದಲ್ಲಿ ತೆಗೆದಿಟ್ಟ ರಕ್ತದ ಮಾದರಿ ಆ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಲಸಿಕೆಯ ಮೇಲಿನ ಆರೋಪವನ್ನು ಇಷ್ಟು ಖಚಿತವಾಗಿ ಅಲ್ಲಗಳೆಯಲು ಬೇರೆ ಯಾವ ವಿಧಾನಕ್ಕೆ ಸಾಧ್ಯವಿತ್ತು?

ವಿರೋಧ

ಎಣಿಕೆಯ ಬಗ್ಗೆ ನಮಗೆ ತಕರಾರಿಲ್ಲ. ತಕರಾರು ಇರುವುದು ಬದಲಾವಣೆಯ ದರದ ಬಗ್ಗೆ. ಸಾರಿಚ್ ಮತ್ತು ವಿಲ್ಸನ್ 50 ಲಕ್ಷ ಎಂದದ್ದು ಅಲ್ಬುಮಿನ್ ಒಂದರಿಂದಲೇ ಅಲ್ಲ. ಹಳೆ ಜಗತ್ತಿನ ಕೋತಿಗಳೂ, ಮನುಷ್ಯ ಮತ್ತು ಚಿಂಪಾಂಜಿ ಸೇರಿದ ವಾನರರೂ 3 ಕೋಟಿ ವರ್ಷದ ಹಿಂದೆ ಬೇರೆಯಾದರು ಎಂದು ಮೊದಲೇ ಇಟ್ಟುಕೊಂಡಿದ್ದರು. ಆ 3 ಕೋಟಿ ಬಂದದ್ದು ಪಳೆಯುಳಿಕೆಯಿಂದ.

ಲೆಕ್ಕ ಮಾಡಿಯೇ ನೋಡೋಣ. ಮನುಷ್ಯ ಮತ್ತು ಚಿಂಪಾಂಜಿ ಜೀನೋಮ್‌ಗಳಲ್ಲಿ ಒಂಟಿ ಅಕ್ಷರಗಳ ವ್ಯತ್ಯಾಸ ಶೇ 1.23. ಬದಲಾವಣೆ ಎರಡೂ ಕವಲಿನಲ್ಲಿ ನಡೆದಿರುವುದರಿಂದ ಅರ್ಧ ಮಾಡಿ. ನೂರು ಕೋಟಿ ಅಕ್ಷರಗಳಿಗೆ ವರ್ಷಕ್ಕೆ ಒಂದು ಬದಲಾವಣೆ ಎಂಬ ಹಳೆಯ ದರ ಹಾಕಿದರೆ 61.5 ಲಕ್ಷ ವರ್ಷ ಬರುತ್ತದೆ. 2012ರಲ್ಲಿ ಐಸ್‌ಲ್ಯಾಂಡಿನ 78 ಕುಟುಂಬಗಳಲ್ಲಿ ತಂದೆ, ತಾಯಿ, ಮಗುವಿನ ಡಿಎನ್‌ಎ ಹೋಲಿಸಿ ನೇರವಾಗಿ ಅಳೆದಾಗ ದರ ಹೆಚ್ಚುಕಡಿಮೆ ಅದರ ಅರ್ಧ ಎಂದು ಕಂಡಿತು. ಅದನ್ನು ಹಾಕಿದರೆ 1 ಕೋಟಿ 23 ಲಕ್ಷ! ವ್ಯತ್ಯಾಸದ ಎಣಿಕೆ ಒಂದೇ, ವಯಸ್ಸು ಮಾತ್ರ ದುಪ್ಪಟ್ಟು. ಸಾಲದ್ದಕ್ಕೆ, ಈ ವ್ಯತ್ಯಾಸದಲ್ಲಿ ಒಂದು ಪಾಲು ಕವಲೊಡೆಯುವ ಮೊದಲೇ ಪೂರ್ವಜರ ಗುಂಪಿನೊಳಗೆ ಇದ್ದದ್ದು. ಅದನ್ನು ಎಷ್ಟೆಂದು ಕಳೆಯಬೇಕು ಎಂಬುದಕ್ಕೆ ಆ ಗುಂಪು ಎಷ್ಟು ದೊಡ್ಡದಿತ್ತು ಎಂಬ ಇನ್ನೊಂದು ಊಹೆ ಬೇಕು.

ದರವೂ ಎಲ್ಲರಿಗೂ ಒಂದೇ ಅಲ್ಲ. ಅದೇ ಐಸ್‌ಲ್ಯಾಂಡ್ ಅಧ್ಯಯನದಲ್ಲಿ ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿನಲ್ಲಿ ಸುಮಾರು ಎರಡು ಹೊಸ ಬದಲಾವಣೆಗಳು ಹೆಚ್ಚಿದವು. ಬೇಗ ಮರಿ ಹಾಕುವ ಇಲಿಯ ವಂಶದಲ್ಲಿ ಡಿಎನ್‌ಎ ವಾನರರಿಗಿಂತ ವೇಗವಾಗಿ ಬದಲಾಗುತ್ತದೆ. ಜೂಕ್ಸ್-ಕ್ಯಾಂಟರ್ ಸೂತ್ರಕ್ಕೂ ಮಿತಿಯಿದೆ: ಸಂಬಂಧವೇ ಇಲ್ಲದ ಎರಡು ಸಾಲುಗಳೂ ಆಕಸ್ಮಿಕವಾಗಿ ಶೇ 25ರಷ್ಟು ಹೊಂದುತ್ತವೆ. ವ್ಯತ್ಯಾಸ ಶೇ 75ರ ಹತ್ತಿರ ಹೋದಂತೆ ಸೂತ್ರದ ಉತ್ತರಕ್ಕೆ ಬೆಲೆ ಉಳಿಯುವುದಿಲ್ಲ.

ದರ ಸ್ಥಿರ ಎಂದು ನಂಬಿದ್ದರ ಫಲ 1996ರಲ್ಲಿ ಕಂಡಿತು. ಗ್ರೆಗರಿ ವ್ರೇ ಮತ್ತು ಸಂಗಡಿಗರು ಪ್ರಾಣಿಗಳ ಮುಖ್ಯ ವಂಶಗಳು ಸುಮಾರು 120 ಕೋಟಿ ವರ್ಷದ ಹಿಂದೆ ಬೇರೆಯಾಗತೊಡಗಿದವು ಎಂದರು. ಆ ವಂಶಗಳ ಪಳೆಯುಳಿಕೆ ಹೇರಳವಾಗಿ ಸಿಗುವುದು ಸುಮಾರು 54 ಕೋಟಿ ವರ್ಷದ ಈಚೆಗೆ. ಕವಲಿನಿಂದ ಕವಲಿಗೆ ದರ ಬದಲಾಗಬಹುದು ಎಂದು ಒಪ್ಪಿಕೊಂಡ ನಂತರದ ವಿಧಾನಗಳಲ್ಲಿ ಆ 120 ಕೋಟಿ ಬಹಳ ಕೆಳಗಿಳಿಯಿತು.

ಎಚ್‌ಐವಿಯ ಉದಾಹರಣೆ ಸರಿಯಾದದ್ದೇ. ಆದರೆ ಅಲ್ಲಿ ಪ್ರತಿ ರಕ್ತದ ಮಾದರಿಯ ಮೇಲೂ ತಾರೀಕಿತ್ತು, ದರವನ್ನು ಅದರಿಂದಲೇ ಅಳೆದರು. ಇದುವರೆಗೆ ಓದಲು ಸಿಕ್ಕಿರುವ ಅತಿ ಹಳೆಯ ಡಿಎನ್‌ಎ ಉತ್ತರ ಗ್ರೀನ್‌ಲ್ಯಾಂಡಿನ ಮಣ್ಣಿನದು, ಸುಮಾರು 20 ಲಕ್ಷ ವರ್ಷದ್ದು. ಅದಕ್ಕೂ ಹಿಂದಿನ ಕವಲುಗಳಿಗೆ ತಾರೀಕು ಬರೆದ ಡಿಎನ್‌ಎ ಮಾದರಿ ಇಲ್ಲ. ಲೆಕ್ಕ ತಾಳೆ ನೋಡಲು ಮತ್ತೆ ಪಳೆಯುಳಿಕೆಯ ಹತ್ತಿರವೇ ಹೋಗಬೇಕು.