ಬಾಡಿಗೆ ಅಂಗಳದಲ್ಲಿ ಎಷ್ಟು ದಿನ?

"ವಾಟ್ಸಾಪ್ ಗ್ರೂಪ್ ಐತೆಲ್ಲೋ, ನಿಮಗ ಬ್ಯಾರೆ ವೆಬ್‌ಸೈಟ್ ಯಾಕ ಬೇಕು?" ವಿಜಯಪುರಕ್ಕೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಕೇಳುವವರ ಮನೆ ಕನ್ನಡದ ನಡುವೆಯೇ ಇದೆ. ಬಾಗಿಲು ತೆರೆದರೆ ಕನ್ನಡ, ಕಿಟಕಿ ತೆರೆದರೆ ಕನ್ನಡ. ನಾನಿರೋದು ನಾಶಿಕ್ ಜಿಲ್ಲೆ ನಿಫಾಡ್ ತಾಲೂಕಿನ ಪಿಂಪಳಗಾಂವ್ ಬಸವಂತ್‌ನಲ್ಲಿ. ಹೆಸರಿನಲ್ಲಿ ಬಸವಂತ ಇದ್ದಾನೆ ಅಂತ ಮೊದಲ ದಿನ ಖುಷಿಯಾಗಿತ್ತು. ಆದರೆ ಈರುಳ್ಳಿ, ಟೊಮ್ಯಾಟೊ, ದ್ರಾಕ್ಷಿಯ ಈ ಪೇಟೆಯಲ್ಲಿ ಲೆಕ್ಕ ಬರೆಯುವ ನನಗೆ ಬೆಳಗಿನಿಂದ ರಾತ್ರಿವರೆಗೆ ಮರಾಠಿಯೇ ಅನ್ನ. ಕನ್ನಡ ಕೇಳಬೇಕೆಂದರೆ ಹೆದ್ದಾರಿ ಹಿಡಿದು ಓಝರ್‌ಗೆ ಹೋಗಬೇಕು. ಅಲ್ಲಿ 1964ರಲ್ಲಿ ಮಿಗ್ ವಿಮಾನ ತಯಾರಿಸಲು ಎಚ್‌ಎಎಲ್ ಶುರುವಾಯಿತು. ಆ ಕೆಲಸ ಹಿಡಿದು ಬಂದು ಇಲ್ಲೇ ನೆಲೆಸಿದ ಕೆಲವು ಮನೆಗಳು ನಮಗೆ ತವರು ಇದ್ದ ಹಾಗೆ.

ನಾವೂ ಮೊದಲು ಬಾಡಿಗೆ ಅಂಗಳದಲ್ಲೇ ಹರಟಿದವರು. ಆರ್ಕುಟ್‌ನಲ್ಲಿ ನಮ್ಮದೊಂದು ಕೂಟವಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಅದು ಬಾಗಿಲು ಹಾಕಿತು. ಯಾಹೂ ಗ್ರೂಪ್ಸ್‌ಗೆ ಹೋದವರಿಗೆ 2020ರಲ್ಲಿ ಅದೇ ಗತಿ. ಮನೆ ಮಾಲೀಕ ಬಿಡು ಅಂದ, ಬಿಟ್ಟೆವು. ಸಾಮಾನು ತೆಗೆದಿಟ್ಟುಕೊಳ್ಳುವ ಬುದ್ಧಿ ಮಾತ್ರ ಬರಲಿಲ್ಲ. ಇನ್ನು ವಾಟ್ಸಾಪ್! ಹೋದ ವರ್ಷ ಯಾರೋ ಬರೆದ ಒಳ್ಳೆಯ ನೆನಪೊಂದನ್ನು ಇವತ್ತು ಅದರಲ್ಲಿ ಹುಡುಕಿ ನೋಡಿ. ಶುಭೋದಯದ ಹೂಗುಚ್ಛಗಳ ಕೆಳಗೆ ಎಲ್ಲಿ ಹೂತುಹೋಗಿದೆಯೋ.

ಹಾಗಾಗಿ ನಮ್ಮದೇ ತಾಣ ಮಾಡೋಣ ಅಂತ ಹೊರಟೆವು. ಹೊಸ ವಿಚಾರವೇನಲ್ಲ. ಹರಿಪ್ರಸಾದ್ ನಾಡಿಗರು 2005ರಲ್ಲೇ ದ್ರುಪಲ್ ತಂತ್ರಾಂಶದ ಮೇಲೆ 'ಸಂಪದ' ಕಟ್ಟಿ, ಕನ್ನಡಿಗರು ತಮ್ಮದೇ ಜಾಗದಲ್ಲಿ ಬರೆಯಬಹುದು ಅಂತ ತೋರಿಸಿದ್ದರು. ನಾವು ಹಿಡಿದದ್ದು ವರ್ಡ್‌ಪ್ರೆಸ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಫೋನಿನಲ್ಲೇ ಧೈರ್ಯ ಹೇಳಿದ: "ಮಾಮಾ, ಎಲ್ಲಾದಕ್ಕೂ ಪ್ಲಗಿನ್ ಐತಿ. ಒಂದು ತಾಸಿನ ಕೆಲಸ."

ಪ್ಲಗಿನ್ ಅಂದರೆ ಮಿಕ್ಸರ್‌ಗೆ ಬೇರೆ ಬೇರೆ ಜಾರ್ ಕೂರಿಸಿದ ಹಾಗೆ. ಮೋಟಾರು ಒಂದೇ; ಸದಸ್ಯರ ಪುಟಕ್ಕೆ ಬಡ್ಡಿಪ್ರೆಸ್, ಚರ್ಚೆಗೆ ಬಿಬಿಪ್ರೆಸ್, ಫೋಟೋಗೊಂದು, ಹುಡುಕಾಟಕ್ಕೊಂದು. ದುಡ್ಡು ಕೊಡಬೇಕಿಲ್ಲ, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಹುಡುಗ ಒಂದೇ ರಾತ್ರಿ ಇಪ್ಪತ್ತೆಂಟು ಕೂರಿಸಿದ. ಬೆಳಿಗ್ಗೆ ನೋಡಿದರೆ ಮುಖಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು!

ಅಷ್ಟೇ ಆಗಿದ್ದರೆ ಈ ಸಿಟ್ಟು ಇರುತ್ತಿರಲಿಲ್ಲ. ಅಸಲು ತೊಂದರೆ ಬೇರೆ. ಆ ಇಪ್ಪತ್ತೆಂಟರಲ್ಲಿ ಒಂದೂ ಕನ್ನಡವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಓಝರ್‌ನ ನಮ್ಮ ಕಾಕು, ಎಪ್ಪತ್ತು ದಾಟಿದವರು, 'ಓಝರ್ ಕಾಲನಿಯಲ್ಲಿ ನಾವು ಮಾಡಿದ ಮೊದಲ ಯುಗಾದಿ' ಅಂತ ಒಂದು ಲೇಖನ ಬರೆದರು. ಅದರ ವಿಳಾಸ 'ನಾವು ಮಾಡ' ಅಂತ ಅರ್ಧಕ್ಕೇ ನಿಂತಿತು. ಯಾಕೆ? ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ ಕೊಡುವ ಜಾಗ 200 ಚಿಹ್ನೆ. ಇಂಗ್ಲಿಷ್ ಅಕ್ಷರಕ್ಕೆ ಅಲ್ಲಿ ಒಂದು ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತದ ಗುರುತಿಗೆ ಕೂಡ, ಒಂಬತ್ತು ಬೇಕು. ಇಪ್ಪತ್ತೆರಡಕ್ಕೆ ನಮ್ಮ ಪಾಲು ಮುಗಿಯಿತು. ಮುಖಪುಟದಲ್ಲಿ ಲೇಖನದ ಮೊದಲ ಸಾಲು ತೋರಿಸುವ ಪ್ಲಗಿನ್ ಇನ್ನೂ ಘೋರ. ಯೂನಿಕೋಡ್ ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್. ಅದು ಬೈಟ್ ಎಣಿಸಿ ಕತ್ತರಿಸುವಂಥದ್ದು. ಅಕ್ಷರದ ಹೊಟ್ಟೆ ಸೀಳಿ, ಕೊನೆಗೊಂದು ಪ್ರಶ್ನೆಚಿಹ್ನೆ ಅಂಟಿಸಿ ಕೂರಿಸಿತು. ಕಾಕು ಕೇಳಿದರು, "ಇದೇನೋ, ನಾ ಬರದದ್ದು ಸುಳ್ಳು ಅಂತೈತೇನು ಇದು?"

ಹುಡುಗ ಇನ್ನೊಂದು ಉಪಕಾರ ಮಾಡಿದ್ದ. ಗುಂಡಿಗಳ ಮೇಲಿನ ಇಂಗ್ಲಿಷನ್ನೆಲ್ಲ ಪ್ಲಗಿನ್‌ನ ಒಳಗೇ ಕೈಹಾಕಿ ಕನ್ನಡಕ್ಕೆ ತಿದ್ದಿದ್ದ. ಮುಂದಿನ ತಿಂಗಳು ಅಪ್‌ಡೇಟ್ ಬಂತು, ಕನ್ನಡ ಒಂದೂ ಉಳಿಯಲಿಲ್ಲ. ಅನುವಾದಕ್ಕೆ ಬೇರೆಯೇ ಕಡತ ಇಡುವ ವ್ಯವಸ್ಥೆ ಅದರಲ್ಲೇ ಇತ್ತು. ಅದನ್ನು ಓದಲು ಅವನಿಗೆ ಪುರುಸೊತ್ತಿರಲಿಲ್ಲ, ನನಗೆ ತಿಳುವಳಿಕೆ ಇರಲಿಲ್ಲ.

ಆಮೇಲೆ ನಾನೇ ಕಲಿತೆ. ಇಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆರಡು ಸಲ, ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಸವರುತ್ತಾರೆ. ಇಪ್ಪತ್ತೆಂಟನ್ನು ಆರಕ್ಕೆ ಇಳಿಸಿದೆ. ವರ್ಷಗಟ್ಟಲೆ ಯಾರೂ ದುರಸ್ತಿ ಮಾಡದ ಪ್ಲಗಿನ್ ಎಷ್ಟೇ ಚಂದ ಇರಲಿ, ಮುಟ್ಟುವುದಿಲ್ಲ. ಕಳ್ಳ ಒಳಗೆ ಬರುವುದೇ ಆ ಹಿತ್ತಲ ಬಾಗಿಲಿನಿಂದ. ವಾರಕ್ಕೊಮ್ಮೆ ಎಲ್ಲದರ ಪ್ರತಿ ತೆಗೆದು ಬೇರೆ ಕಡೆ ಇಡುತ್ತೇನೆ.

ಈಗ ನನ್ನ ಜಗಳ ನಿಮ್ಮೊಂದಿಗೆ, ಊರಲ್ಲಿರುವವರೊಂದಿಗೆ. ಹೊರನಾಡಿನವರು ಕನ್ನಡ ಮರೀತಾರೆ ಅಂತ ಪ್ರತಿ ನವೆಂಬರ್‌ನಲ್ಲಿ ವೇದಿಕೆ ಮೇಲೆ ಕಣ್ಣೀರಿಡುತ್ತೀರಿ. ಜಗತ್ತಿನ ಬ್ಯಾಂಕು, ವಿಮಾನ, ಆಸ್ಪತ್ರೆಗಳಿಗೆಲ್ಲ ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುತ್ತೀರಿ. 'ಉತ್ತರಿಸಿ', 'ಸದಸ್ಯರಾಗಿ' ಅನ್ನುವ ನಾಲ್ಕು ಮಾತನ್ನು ಕನ್ನಡ ಮಾಡಲು, ಕನ್ನಡ ಅಕ್ಷರ ಮುರಿಯುತ್ತದೆ ಎಂದು ಪ್ಲಗಿನ್ ಬರೆದವನಿಗೊಂದು ದೂರು ಕಳಿಸಲು, ಪಿಂಪಳಗಾಂವ್‌ನ ಈರುಳ್ಳಿ ಲೆಕ್ಕದವನೇ ಬೇಕಾಯಿತೇ? ಇದಕ್ಕೆ ಅನುದಾನ ಬೇಕಿಲ್ಲ, ಸಮ್ಮೇಳನ ಬೇಕಿಲ್ಲ. ಅನುವಾದದ ಪುಟ ಎಲ್ಲರಿಗೂ ತೆರೆದೇ ಇದೆ. ಹವ್ಯಾಸಿಗಳು ಒಂದಷ್ಟು ಜನ ಮೈಮುರಿದು ದುಡಿಯುತ್ತಾರೆ, ಉಳಿದವರು ಲೈಕ್ ಒತ್ತುತ್ತಾರೆ.

ಸದಸ್ಯರಾಗುವಾಗ ಸೊಟ್ಟಂಬಟ್ಟ ಇಂಗ್ಲಿಷ್ ಅಕ್ಷರ ಗುರುತಿಸಿ ಅಂತ ಕೇಳುವ ಪ್ಲಗಿನ್‌ನಿಂದ ಕಾಕುವಿನ ಗೆಳತಿಯರು ಹೊರಗೇ ಉಳಿದಿದ್ದರು. ಅದನ್ನು ಕಿತ್ತು, ಪ್ರಶ್ನೆ ಕೇಳುವಂಥದ್ದನ್ನು ಹಾಕಿದೆ: 'ಹೋಳಿಗೆಯೊಳಗೆ ತುಂಬುವ ಸಿಹಿಗೆ ಏನಂತಾರೆ?' ಆ ಹೆಂಗಸರೆಲ್ಲ ಒಂದೇ ಏಟಿಗೆ ಒಳಗೆ ಬಂದರು. ಮೊನ್ನೆ ಬೆಂಗಳೂರಿನಿಂದ ಫೋನು ಬಂತು. "ಮಾಮಾ, ಒಳಗ ಹೋಗಲಿಕ್ಕೇ ಆಗವಲ್ದು. ಉತ್ತರ ಏನದು?"

ಹೇಳಲಿಲ್ಲ. ಅವ್ವನ್ನ ಕೇಳು ಅಂದೆ.