ದರ ಹೇಳಿದವರು ಯಾರು?

ಮಸ್ಕಿಯ ಬಂಡೆಶಾಸನ 1915ರಲ್ಲಿ ಪತ್ತೆಯಾದಾಗ ವಿದ್ವಾಂಸರ ಗಮನ ಸೆಳೆದದ್ದು ಅದರಲ್ಲಿದ್ದ ಅಶೋಕನ ಹೆಸರು. ಬೇರೆಡೆಯ ಶಾಸನಗಳಲ್ಲಿ ಮಾತನಾಡಿದ ‘ದೇವಾನಾಂಪ್ರಿಯ’ ಯಾರೆಂಬುದು ಅದರಿಂದ ಖಚಿತವಾಯಿತು.

ಸಿಂಧನೂರು ಮಾರುಕಟ್ಟೆಯ ಭತ್ತದ ದರವನ್ನು ವಾಟ್ಸ್‌ಆ್ಯಪ್‌ನಲ್ಲಿ ಓದುವಾಗ ನನಗೆ ಆ ಶಾಸನ ನೆನಪಾಗುತ್ತದೆ. ಗುಂಪಿನಿಂದ ಗುಂಪಿಗೆ ದಾಟಿ ಬರುವ ಸಂದೇಶದಲ್ಲಿ ದರವಿರುತ್ತದೆ. ಹೇಳಿದವರ ಹೆಸರಿರುವುದಿಲ್ಲ, ಎಷ್ಟು ತೇವಾಂಶಕ್ಕೆ ಆ ದರ ಎಂಬುದೂ ಇರುವುದಿಲ್ಲ. ಅದನ್ನು ನಂಬಿ ಮಸ್ಕಿ, ಲಿಂಗಸುಗೂರು ಕಡೆಯಿಂದ ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಬಂದ ರೈತ ಆ ಚೀಲಗಳನ್ನು ಊರಿಗೆ ಮರಳಿ ಒಯ್ಯಲಾರ.

ವ್ಯವಹಾರ ಸಂವಹನಕ್ಕೆ ಬ್ಲಾಗ್ ಬಳಕೆಗೆ ಬಂದ ಕಾಲದ ರೀತಿಯೇ ಬೇರೆಯಿತ್ತು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್‌ನ ಜೊನಾಥನ್ ಶ್ವಾರ್ಟ್ಸ್ 2004ರಲ್ಲಿ ಬ್ಲಾಗ್ ಆರಂಭಿಸಿದರು. ಹೂಡಿಕೆದಾರರಿಗೆ ನೀಡಬೇಕಾದ ಮಾಹಿತಿಯನ್ನು ಅಲ್ಲಿಯೇ ಪ್ರಕಟಿಸಲು ಬಿಡಿ ಎಂದು 2006ರಲ್ಲಿ ಷೇರುಪೇಟೆ ನಿಯಂತ್ರಕರನ್ನು ಕೇಳಿದರು. ನಿಯಂತ್ರಣ ಸಂಸ್ಥೆಯ ಅಧ್ಯಕ್ಷರು ಉತ್ತರಿಸಿದ್ದೂ ಅದೇ ಬ್ಲಾಗ್‌ನಲ್ಲಿ! ಹೆಸರು, ದಿನಾಂಕ, ಮರುಮಾತು ಎಲ್ಲವೂ ಅಲ್ಲಿ ದಾಖಲಾದವು.

ಬ್ಲಾಗ್‌ನ ಭರಾಟೆ ಈಗ ತಗ್ಗಿದೆ, ನಿಜ. ಆದರೂ ಸಿಂಧನೂರಿನ ಅಕ್ಕಿ ಗಿರಣಿಗಳು ತಮ್ಮ ಹೆಸರಿನಲ್ಲಿ, ಕನ್ನಡದಲ್ಲಿ, ದಿನಕ್ಕೆ ನಾಲ್ಕು ಸಾಲು ಬರೆಯಬಾರದೇಕೆ? ಯಾವ ತಳಿ, ಎಷ್ಟು ತೇವಾಂಶ, ಏನು ದರ, ಹಣ ಎಂದು ಕೈಸೇರುತ್ತದೆ—ಇಷ್ಟು ಸಾಕು. ಬೆಂಬಲ ಬೆಲೆಯ ಖರೀದಿಗೆ ತೇವಾಂಶದ ಮಿತಿ ಶೇ 17 ಎಂದು ಸರ್ಕಾರ ಬಹಿರಂಗವಾಗಿಯೇ ಹೇಳುತ್ತದೆ. ಪ್ರತಿಸ್ಪರ್ಧಿಗೆ ಗುಟ್ಟು ತಿಳಿದೀತೆಂಬ ಅಳುಕು ಗಿರಣಿಗಳಿಗೆ ಇರಬಹುದು. ಆದರೆ ಸಂಜೆಯೊಳಗೆ ಮಾರುಕಟ್ಟೆಗೆಲ್ಲ ಗೊತ್ತಾಗುವ ದರವದು. ಗೊತ್ತಾಗದಿರುವುದು ಊರಿನಿಂದ ಇನ್ನೂ ಹೊರಡದ ರೈತನಿಗೆ ಮಾತ್ರ.