ಶೂನ್ಯ ಬಿಲ್ಲಿನ ಹಿಂದಿರುವ ಲೆಕ್ಕ

ಪ್ರತಿ ತಿಂಗಳು ಹೆಸ್ಕಾಂ ಸಿಬ್ಬಂದಿ ಮನೆಬಾಗಿಲಿಗೆ ಬಂದು ಮೀಟರ್ ನೋಡಿ, ಕೈಯಲ್ಲಿನ ಯಂತ್ರದಿಂದ ಒಂದು ಚೀಟಿ ಹರಿದು ಕೊಟ್ಟು ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಚೀಟಿಗೆ ನಮ್ಮ ಮನೆಗಳಲ್ಲಿ ಒಂದು ಮಹತ್ವವಿತ್ತು. ಮನೆಯ ಯಜಮಾನ ಅದನ್ನು ಓದುತ್ತಿದ್ದ, ಹಿಂದಿನ ತಿಂಗಳ ಚೀಟಿಯೊಂದಿಗೆ ಹೋಲಿಸುತ್ತಿದ್ದ, ಫ್ಯಾನ್ ಆರಿಸದೆ ಎದ್ದು ಹೋದ ಮಕ್ಕಳನ್ನು ಗದರುತ್ತಿದ್ದ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಜಾರಿಗೆ ಬಂದ ಬಳಿಕ ಬಹುಪಾಲು ಮನೆಗಳ ಚೀಟಿಯಲ್ಲಿ ಪಾವತಿಸಬೇಕಾದ ಮೊತ್ತ ಶೂನ್ಯ. ಶೂನ್ಯವನ್ನು ಯಾರು ಓದುತ್ತಾರೆ? ಚೀಟಿ ನೇರವಾಗಿ ಕಸದ ಬುಟ್ಟಿ ಸೇರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ನಾವು ಕಾಣುತ್ತಿರುವ ಚಿತ್ರ ಇದು.

ಗೃಹಜ್ಯೋತಿಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಸಂಸಾರ ಸಾಕುವ ವಿಧವೆಗೆ, ಮಳೆಗಾಲದಲ್ಲಿ ಕೆಲಸವಿಲ್ಲದೆ ಕೂರುವ ಮೀನುಗಾರನಿಗೆ ಅದು ನಿಜವಾದ ಆಸರೆ. ಆದರೆ ಯೋಜನೆಯ ಲೆಕ್ಕಾಚಾರವನ್ನೂ ಅರಿತಿರಬೇಕು. 2022-23ರಲ್ಲಿ ಒಂದು ಮನೆ ಬಳಸಿದ ಸರಾಸರಿಗೆ ಶೇ. 10ರಷ್ಟು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಯಿತು. ಅಂದರೆ ಮೊದಲೇ ಮಿತವಾಗಿ ಬಳಸುತ್ತಿದ್ದವನಿಗೆ ಕಡಿಮೆ, ಹೆಚ್ಚು ಉರಿಸುತ್ತಿದ್ದವನಿಗೆ ಹೆಚ್ಚು. ಇನ್ನೂ ಮುಖ್ಯವಾದ ವಿಷಯವೆಂದರೆ ಈ ವಿದ್ಯುತ್ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಅದರ ಹಣವನ್ನು ಸರ್ಕಾರ ಸಾರ್ವಜನಿಕ ಬೊಕ್ಕಸದಿಂದ ವಿದ್ಯುತ್ ಕಂಪೆನಿಗಳಿಗೆ ತುಂಬಿಕೊಡುತ್ತದೆ. ಚೀಟಿಯಲ್ಲಿ ರೂಪಾಯಿಯ ಜಾಗದಲ್ಲಿ ಮಾತ್ರ ಶೂನ್ಯವಿದೆ, ಯೂನಿಟ್‌ಗಳ ಜಾಗದಲ್ಲಿ ಇಲ್ಲ.

ಆ ಯೂನಿಟ್‌ಗಳು ಎಲ್ಲಿಂದ ಬರುತ್ತವೆ? ಬೇರೆ ಊರಿನವರು ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಎನ್ನಬಹುದು. ನಮಗೆ ಆ ಅವಕಾಶವಿಲ್ಲ. ಭಟ್ಕಳದಿಂದ ಕುಮಟಾಕ್ಕೆ ಹೋಗುವ ಪ್ರತಿಯೊಬ್ಬನೂ ಹೊನ್ನಾವರದಲ್ಲಿ ಶರಾವತಿ ಸೇತುವೆಯನ್ನು ದಾಟುತ್ತಾನೆ. ಆ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವ್ಯಾಟ್, ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್ ಉತ್ಪಾದನಾ ಸಾಮರ್ಥ್ಯ ನಾಡಿಗೆ ದೊರೆಯಿತು. ಅದೇ ನೀರಿನಡಿ ಮಲೆನಾಡಿನ ಹಳ್ಳಿಗಳು ಮುಳುಗಿದವು. ಮುಳುಗಡೆ ಸಂತ್ರಸ್ತರ ಭೂಮಿ ಹಕ್ಕಿನ ಕೂಗು ಅರುವತ್ತು ವರ್ಷ ಕಳೆದರೂ ಅಡಗಿಲ್ಲ. ಇತ್ತ ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ಘಟಕಗಳಿವೆ. ಕುಮಟಾದವರಿಗೆ ತದಡಿಯ ನೆನಪಿರಬೇಕು. ಅಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರದ ಪ್ರಸ್ತಾವ ಬಂದಾಗ ಜನರು ವಿರೋಧಿಸಿದರು, ಸ್ಥಾವರ ಬರಲಿಲ್ಲ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆನಿಸಿತು. ಅಲ್ಲಿ ಚಿಪ್ಪು ಹೆಕ್ಕಿ ಬದುಕುವ ಕುಟುಂಬಗಳ ಅನ್ನ ಉಳಿಯಿತು.

ಈಗ ಸರದಿ ಮತ್ತೆ ಶರಾವತಿಯದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ಸಿಂಗಳೀಕಗಳ ಅಭಯಾರಣ್ಯದ ಗರ್ಭದಲ್ಲಿ ಸುರಂಗ ಕೊರೆಯುವ ಈ ಯೋಜನೆಗೆ 2025ರ ಸಾರ್ವಜನಿಕ ಅಹವಾಲು ಸಭೆಯಲ್ಲಿ ಹೊನ್ನಾವರ ಭಾಗದ ಜನರು ತೀವ್ರ ವಿರೋಧ ವ್ಯಕ್ತಪಡಿಸಿದರು. ಆ ವಿರೋಧದಲ್ಲಿ ನ್ಯಾಯವಿದೆ ಎಂದೇ ನಾವು ಭಾವಿಸುತ್ತೇವೆ. ಆದರೆ ಯೋಜನೆಯ ತಿರುಳೇನು? ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲೆತ್ತುವುದು, ಬೇಡಿಕೆ ಏರಿದಾಗ ಅದನ್ನು ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಮೇಲೆತ್ತಲು ತಗಲುವ ವಿದ್ಯುತ್ತಿಗಿಂತ ಮರಳಿ ಸಿಗುವುದು ಕಡಿಮೆ. ಆದರೂ ಸರ್ಕಾರಕ್ಕೆ ಇದು ಬೇಕಾಗಿದೆ, ಏಕೆಂದರೆ ಸೂರ್ಯ ಮುಳುಗಿದೊಡನೆ ಸೌರವಿದ್ಯುತ್ ನಿಲ್ಲುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಟಿವಿ, ಎಸಿ, ಗೀಸರ್, ಇಸ್ತ್ರಿಪೆಟ್ಟಿಗೆಗಳು ಏಕಕಾಲಕ್ಕೆ ಚಾಲೂ ಆಗುತ್ತವೆ. ನದಿಯ ಪ್ರಶ್ನೆ ಹೀಗೆ ನಮ್ಮ ಮನೆಯ ಸ್ವಿಚ್ ಬೋರ್ಡಿಗೆ ಬಂದು ನಿಲ್ಲುತ್ತದೆ.

'ಕಾರ್ಖಾನೆಗಳನ್ನು, ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ಬಿಟ್ಟು ಬಡಪಾಯಿ ಗೃಹಸ್ಥನ ಹಿಂದೆ ಏಕೆ ಬಿದ್ದಿರಿ?' ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೊಡ್ಡ ಬಳಕೆದಾರರು ಬೇರೆಯೇ ಇದ್ದಾರೆ. ತಂತಿಗಳಲ್ಲಿ ಸೋರಿಹೋಗುವುದನ್ನು ತಡೆಯುವುದು ಸರ್ಕಾರದ ಹೊಣೆ. ಒಂದು ಮನೆಯ ಮಿತವ್ಯಯದಿಂದ ಯೋಜನೆ ನಿಂತುಹೋಗುತ್ತದೆಂಬ ಭ್ರಮೆ ನಮಗಿಲ್ಲ. ಆದರೆ ಹಗಲು ಗೇರುಸೊಪ್ಪೆಯ ಕಾಡಿನ ಪರವಾಗಿ ಮನವಿಗೆ ಸಹಿ ಹಾಕಿ, ರಾತ್ರಿ ಎಸಿಯನ್ನು 18 ಡಿಗ್ರಿಗೆ ಇಳಿಸಿ ಕಂಬಳಿ ಹೊದ್ದು ಮಲಗುವವನ ಮಾತಿಗೆ ಬೆಲೆ ಎಷ್ಟು?

ಆದ್ದರಿಂದ ಪ್ರತಿ ಮನೆಯಲ್ಲೂ ವಿದ್ಯುತ್ತಿನ ಲೆಕ್ಕ ಪರಿಶೋಧನೆ ನಡೆಯಲಿ. ಇದಕ್ಕೆ ಇಂಜಿನಿಯರ್ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 75 ವ್ಯಾಟ್‌ನ ನಾಲ್ಕು ಹಳೆಯ ಫ್ಯಾನ್‌ಗಳು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 90 ಯೂನಿಟ್. ಅವುಗಳ ಜಾಗದಲ್ಲಿ ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗಳಿದ್ದರೆ 36. ಎರಡು ಸಾವಿರ ವ್ಯಾಟ್‌ನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. ಒಂದೂವರೆ ಟನ್‌ನ ಎಸಿ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ಬೇಡುತ್ತದೆ. ರಾತ್ರಿ ಎಂಟು ಗಂಟೆಯಂತೆ ಒಂದು ತಿಂಗಳು ಓಡಿದರೆ ಅದೊಂದೇ 200 ಯೂನಿಟ್‌ಗಳ ಗಡಿ ದಾಟಿಸಿ, ಪೂರ್ತಿ ಬಿಲ್ಲನ್ನು ತಲೆಯ ಮೇಲೆ ಹೊರಿಸುತ್ತದೆ.

ನಾವು ಈ ಲೆಕ್ಕವನ್ನು ಮೊದಲು ನಮ್ಮ ಮನೆಯಲ್ಲೇ ಆರಂಭಿಸಿದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೀಟರಿನ ಅಂಕಿ ಬರೆದಿಟ್ಟು, ಫಜ್ರ್ ನಮಾಝಿಗೆ ಎದ್ದಾಗ ಮತ್ತೆ ನೋಡಿದೆವು. ಫ್ಯಾನುಗಳ ಲೆಕ್ಕ ಕಳೆದರೂ ಅಂಕಿ ನಮ್ಮ ಊಹೆಗಿಂತ ಮುಂದೆ ಹೋಗಿತ್ತು. ಹುಡುಕಿದಾಗ ಸಿಕ್ಕಿದ್ದು ಬಾಗಿಲಿನ ರಬ್ಬರ್ ಸಡಿಲಗೊಂಡ ಹಳೆಯ ಫ್ರಿಜ್, ಟಿವಿ ಆರಿಸಿದರೂ ಉರಿಯುತ್ತಲೇ ಇದ್ದ ಸೆಟ್‌ಟಾಪ್ ಬಾಕ್ಸ್. ಹತ್ತು ವ್ಯಾಟ್‌ನ ಅಂಥ ಪೆಟ್ಟಿಗೆಯೊಂದು ಹಗಲಿರುಳು ಉರಿದರೆ ತಿಂಗಳಿಗೆ 7 ಯೂನಿಟ್. ಟ್ಯಾಂಕ್ ತುಂಬಿ ನೀರು ಅಂಗಳಕ್ಕೆ ಸುರಿಯುವವರೆಗೆ ಬಾವಿಯ ಪಂಪ್ ಓಡುತ್ತಿದ್ದುದನ್ನು ಮನೆಯಾಕೆ ಬಹಳ ಹಿಂದೆಯೇ ಎಚ್ಚರಿಸಿದ್ದರು. ನಾವು ಕಿವಿಗೊಟ್ಟಿರಲಿಲ್ಲ. ಬಿಲ್ ಗಂಡಸಿನ ಹೆಸರಿನಲ್ಲಿ ಬರುತ್ತದೆ, ಆದರೆ ಮನೆಯಲ್ಲಿ ಯಾವುದು ಎಷ್ಟು ಹೊತ್ತು ನಡೆಯುತ್ತದೆಂಬುದು ತಿಳಿದಿರುವುದು ಹೆಂಗಸಿಗೆ. ಪರಿಶೋಧನೆಯ ನೋಟ್‌ಬುಕ್ ಆಕೆಯ ಕೈಯಲ್ಲಿರಲಿ, ಮೀಟರ್ ಓದುವ ಕೆಲಸ ಶಾಲೆಗೆ ಹೋಗುವ ಮಗ ಅಥವಾ ಮಗಳದಾಗಲಿ.

ನಮ್ಮ ಕಟ್ಟಡಗಳ ಬಗೆಗೂ ಒಂದು ಮಾತು. ಹಂಚಿನ ಮಾಡು, ಎತ್ತರದ ಅಟ್ಟ, ಗಾಳಿಯಾಡುವ ಜಗಲಿಯಿದ್ದ ಹಳೆಯ ಮನೆಗಳನ್ನು ಕೆಡವಿ, ಕೊಲ್ಲಿಯ ದುಡಿಮೆಯಿಂದ ಕಾಂಕ್ರೀಟಿನ ಮಹಲುಗಳನ್ನು ಕಟ್ಟಿದೆವು. ಕರಾವಳಿಯ ಸೆಖೆಯಲ್ಲಿ ಕಾದ ತಾರಸಿ ರಾತ್ರಿಯೆಲ್ಲ ಬಿಸಿಯುಗುಳುತ್ತದೆ, ಎಸಿ ಅನಿವಾರ್ಯವಾಗುತ್ತದೆ. ಎಸಿ ಇರಲಿ, 24 ಡಿಗ್ರಿಯಲ್ಲಿರಲಿ. ದೇಶದಲ್ಲಿ 2020ರಿಂದ ಸ್ಟಾರ್ ಗುರುತಿನ ಎಸಿಗಳು ಆ ಅಂಕಿಯಲ್ಲೇ ಚಾಲೂ ಆಗಬೇಕೆಂಬ ನಿಯಮವಿದೆ. ಅನುಕೂಲವಿದ್ದವರು ಕಾಯುವ ಅದೇ ತಾರಸಿಯ ಮೇಲೆ ಸೌರಫಲಕ ಹಾಕಿಸಲಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಏನೂ ಖರ್ಚಿಲ್ಲದ ಕ್ರಮವೂ ಒಂದಿದೆ: ಪಂಪ್, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿಯ ಕೆಲಸಗಳನ್ನು ಸಂಜೆಯಿಂದ ಬಿಸಿಲಿನ ಹೊತ್ತಿಗೆ ಬದಲಾಯಿಸುವುದು.

ಮದುವೆಯ ಮನೆಗೆ ವಾರಗಟ್ಟಲೆ ದೀಪಾಲಂಕಾರ ಮಾಡುವವರು, ನಮಾಝ್ ಮುಗಿದು ಜನ ಚದುರಿದ ಮೇಲೂ ಮಸೀದಿಯ ಎಲ್ಲ ಫ್ಯಾನ್‌ಗಳನ್ನು ತಿರುಗಲು ಬಿಡುವವರು ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್‌ರ ದೀಪದ ಘಟನೆಯನ್ನು ನೆನೆಯಬೇಕು. ಸಾರ್ವಜನಿಕ ಕೆಲಸ ಮುಗಿದು ಸ್ವಂತ ವಿಷಯದ ಮಾತು ಆರಂಭವಾದೊಡನೆ ಅವರು ಬೈತುಲ್‌ಮಾಲ್‌ನ ಎಣ್ಣೆಯ ದೀಪವನ್ನು ನಂದಿಸಿ, ತನ್ನದೇ ದೀಪವನ್ನು ಹಚ್ಚಿದರೆಂದು ನಾವು ಎಷ್ಟು ಜುಮಾ ಖುತ್ಬಾಗಳಲ್ಲಿ ಕೇಳಿಲ್ಲ! ಗೃಹಜ್ಯೋತಿಯ ಕಾಲದಲ್ಲಿ ನಮ್ಮ ಮನೆಯ ಪ್ರತಿಯೊಂದು ದೀಪದಲ್ಲೂ ಸಾರ್ವಜನಿಕರ ಎಣ್ಣೆಯಿದೆ.

ದಿನಕ್ಕೆ ಎರಡು ಯೂನಿಟ್ ಉಳಿಸುವುದು ಕಷ್ಟವಲ್ಲ. ದೇಶದ ವಿದ್ಯುತ್ ಜಾಲದ ಸರಾಸರಿಯಂತೆ ಒಂದು ಯೂನಿಟ್‌ನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುತ್ತದೆ. ಎರಡು ಯೂನಿಟ್‌ನಂತೆ ಉಳಿಸಿದರೆ ಒಂದು ಮನೆಯಿಂದ ತಿಂಗಳಿಗೆ ನಲುವತ್ತು ಕಿಲೋಗೂ ಮಿಕ್ಕಿ ತಪ್ಪುತ್ತದೆ. ಮೂರು ಪಟ್ಟಣಗಳ ಜಮಾಅತ್‌ಗಳೂ ಮಹಿಳಾ ಸಂಘಗಳೂ ಶಾಲೆಗಳೂ ಇದನ್ನು ಕೈಗೆತ್ತಿಕೊಂಡರೆ, ಮುಂದಿನ ಅಹವಾಲು ಸಭೆಗೆ ನಮ್ಮ ಜನ ಬರೀ ಘೋಷಣೆಯೊಂದಿಗಲ್ಲ, ತಮ್ಮ ಮನೆಯ ಲೆಕ್ಕದೊಂದಿಗೆ ಹೋಗಬಹುದು. 'ನಾವು ಇಷ್ಟು ಕಡಿಮೆ ಮಾಡಿದ್ದೇವೆ, ನೀವೇನು ಮಾಡಿದ್ದೀರಿ?' ಎಂದು ಅಧಿಕಾರಿಗಳನ್ನು ಕೇಳಬಹುದು.

ಈ ತಿಂಗಳ ಚೀಟಿ ಬಂದಾಗ ಅದನ್ನು ಎಸೆಯಬೇಡಿ. ರೂಪಾಯಿಯ ಸಾಲನ್ನು ಬಿಟ್ಟು ಯೂನಿಟ್‌ಗಳ ಸಾಲನ್ನು ಮನೆಮಂದಿಯೆಲ್ಲ ಕುಳಿತು ಓದಿ.